ದೀಪ ಎಂಟೂ ಹೊತ್ತಿದ ಮಾತ್ರಕ್ಕೆ ಕೇಬಲ್ ಸರಿ ಅಂತಲ್ಲ: ಮೈಕ್ರೋಸ್ಕ್ಯಾನರ್2 ಜೊತೆ ಕೆಲವು ಮಳೆಗಾಲ

ಸುರತ್ಕಲ್‌ನಿಂದ ಉಡುಪಿವರೆಗೆ ಸಿಸಿಟಿವಿ, ನೆಟ್‌ವರ್ಕ್ ಕೆಲಸ ಮಾಡುವವನು ನಾನು. ಫ್ಲೂಕ್ ಕಂಪೆನಿಯ ಮೈಕ್ರೋಸ್ಕ್ಯಾನರ್2 ಎಂಬ ನೆಟ್‌ವರ್ಕ್ ಕೇಬಲ್ ಟೆಸ್ಟರ್ ಕೆಲವು ಮಳೆಗಾಲದಿಂದ ನನ್ನ ಬ್ಯಾಗಿನಲ್ಲಿ ಉಂಟು. ಬೆಲೆ ಜಾಸ್ತಿಯೇ. ಆದರೂ ದಿನಾ ಕೇಬಲ್ ಎಳೆಯುವವರಿಗೆ ತೆಗೆದುಕೊಳ್ಳಿ ಅಂತಲೇ ಹೇಳುತ್ತೇನೆ.

ಅಂಗಡಿಯಲ್ಲಿ ಕಡಿಮೆ ದುಡ್ಡಿಗೆ ಸಿಗುವ ದೀಪದ ಟೆಸ್ಟರ್ ಎಂಟು ತಂತಿಗಳೂ ಈ ತುದಿಯಿಂದ ಆ ತುದಿಗೆ ಮುಟ್ಟಿವೆಯೇ ಎಂದಷ್ಟೇ ನೋಡುತ್ತದೆ. ತುಂಡಾಗಿದ್ದು ಎಲ್ಲಿ ಎಂದು ಹೇಳುವುದಿಲ್ಲ. ಮೈಕ್ರೋಸ್ಕ್ಯಾನರ್ ಕೇಬಲಿಗೆ ಪಲ್ಸ್ ಕಳಿಸಿ, ಅದು ತಿರುಗಿ ಬರುವ ಸಮಯದಿಂದ ದೂರ ಲೆಕ್ಕ ಹಾಕುತ್ತದೆ. ಮಣಿಪಾಲದ ಒಂದು ಪಿಜಿಯಲ್ಲಿ ವೈಫೈ ಆಕ್ಸೆಸ್ ಪಾಯಿಂಟ್ ಗಿಗಾಬಿಟ್‌ನಿಂದ 100 ಎಂಬಿಪಿಎಸ್‌ಗೆ ಇಳಿದಿತ್ತು. 100ಕ್ಕೆ 1, 2, 3, 6ನೇ ಪಿನ್ ಸಾಕು, ಗಿಗಾಬಿಟ್‌ಗೆ ಎಂಟು ತಂತಿಯ ನಾಲ್ಕೂ ಜೋಡಿ ಬೇಕು. ಟೆಸ್ಟರ್ ಹಾಕಿದರೆ ಕಂದು ಜೋಡಿ, ಅಂದರೆ 7 ಮತ್ತು 8, 31 ಮೀಟರಿನಲ್ಲಿ ಕಡಿದಿದೆ ಎಂದು ತೋರಿಸಿತು. ಅಳೆದುಕೊಂಡು ಹೋಗಿ ಫಾಲ್ಸ್ ಸೀಲಿಂಗ್ ತೆಗೆದು ನೋಡಿದೆವು. ಇಲಿ ಮೇಲಿನ ಕವಚ ಕೆರೆದು ಆ ಜೋಡಿಯನ್ನು ಮಾತ್ರ ಕಡಿದು ಹಾಕಿತ್ತು, ತಾಮ್ರದ ತುದಿ ಆಗಲೇ ಹಸಿರುಗಟ್ಟಿತ್ತು. ಇಡೀ ಕೇಬಲ್ ಬದಲಿಸುವ ಕೆಲಸ ತಪ್ಪಿತು.

ಇದಕ್ಕಿಂತ ದೊಡ್ಡ ಉಪಕಾರ ಸ್ಪ್ಲಿಟ್ ಪೇರ್, ಅಂದರೆ ಜೋಡಿ ತಪ್ಪಿ ಕೂರಿಸಿದ ತಂತಿಗಳನ್ನು ಹಿಡಿದುಕೊಡುವುದು. ಬಣ್ಣದ ಜೋಡಿಗಳನ್ನು 1-2, 3-4, 5-6, 7-8 ಎಂದು ಸಾಲಾಗಿ ಎರಡೂ ಕಡೆ ಪ್ಲಗ್ಗಿಗೆ ಕ್ರಿಂಪ್ ಮಾಡುವವರು (ಒತ್ತಿ ಕೂರಿಸುವವರು) ಈಗಲೂ ಇದ್ದಾರೆ. ದೀಪದ ಟೆಸ್ಟರಿನಲ್ಲಿ ಒಂದರಿಂದ ಎಂಟರವರೆಗೆ ಚಂದ ಹೊತ್ತುತ್ತದೆ. ಆದರೆ 3 ಮತ್ತು 6 ಒಂದೇ ಜೋಡಿಯ ಸುರುಳಿಯಲ್ಲಿ ಇರಬೇಕು. ಟಿ568ಬಿ ಎಂಬ ಬಣ್ಣದ ಕ್ರಮದಲ್ಲಿ ಬಿಳಿ-ಹಸಿರು 3ಕ್ಕೆ, ಹಸಿರು 6ಕ್ಕೆ ಹೋಗುವುದು ಅದಕ್ಕೇ. ಬೇರೆ ಬೇರೆ ಜೋಡಿಗೆ ಹೋದರೆ ಒಂದರ ಸಿಗ್ನಲ್ ಇನ್ನೊಂದಕ್ಕೆ ಸೋರಿ, ಲಿಂಕ್ ಬಂದು ಬಂದು ಹೋಗುತ್ತದೆ. ಮನೆಯವರು ಪಾಪ ರೂಟರ್ ಬದಲಿಸಿ ಬದಲಿಸಿ ಸುಸ್ತಾಗಿರುತ್ತಾರೆ.

ದೂರ ಸರಿ ಬರಬೇಕಾದರೆ ಉದ್ದ ಗೊತ್ತಿರುವ, ಅದೇ ಬಗೆಯ ಕೇಬಲ್ ಸಿಕ್ಕಿಸಿ ಎನ್‌ವಿಪಿ ಹೊಂದಿಸಿಕೊಳ್ಳಲೇಬೇಕು. ಸಿಗ್ನಲ್ ಬೆಳಕಿನ ವೇಗದ ಶೇಕಡಾ ಎಷ್ಟರಲ್ಲಿ ಓಡುತ್ತದೆ ಎಂಬ ಲೆಕ್ಕ ಅದು, ಕ್ಯಾಟ್6 ದರ್ಜೆಯ ಕೇಬಲಿನಲ್ಲಿ ಸಾಮಾನ್ಯವಾಗಿ 69ರ ಆಸುಪಾಸು.

ಆಗದ ಕೆಲಸವೂ ಉಂಟು. ಕ್ಯಾಟ್6 ಗುಣಮಟ್ಟಕ್ಕೆ ಪಾಸ್ ಎಂಬ ಸರ್ಟಿಫಿಕೇಟ್ ಇದು ಕೊಡುವುದಿಲ್ಲ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲನ್ನು ಅಸಲಿ ತಾಮ್ರದ್ದರಿಂದ ಬೇರೆ ಮಾಡಿ ತೋರಿಸುವುದಿಲ್ಲ, ಅದಕ್ಕೆ ತಂತಿಯ ತುದಿ ಕೆರೆದು ಬಿಳಿ ಬರುತ್ತದಾ ಎಂದು ನೀವೇ ನೋಡಬೇಕು. ಮಲ್ಪೆ, ಪಣಂಬೂರು ಕಡೆಯ ಉಪ್ಪುಗಾಳಿಗೆ ಜಾಕಿನ ಪಿನ್ ಹಾಳಾಗಿದ್ದರೆ ಟೆಸ್ಟ್ ಮಾಡುವಾಗ ಸರಿ ಇದ್ದು ಆಮೇಲೆ ಕೈಕೊಡುವುದುಂಟು. ಅಂಥಲ್ಲಿ ನಾನು ಪರದೆ ನೋಡುತ್ತಾ ಪ್ಲಗ್ ಹತ್ತಿರ ಕೇಬಲನ್ನು ಮೆಲ್ಲಗೆ ಅಲುಗಿಸುತ್ತೇನೆ.

ಮನೆಗೆ ಒಂದೆರಡು ಕೇಬಲ್ ಹಾಕಿಕೊಳ್ಳುವವರಿಗೆ ದೀಪದ ಟೆಸ್ಟರೇ ಸಾಕು. ಆದರೆ ಅದನ್ನು ಸಿಕ್ಕಿಸುವ ಮೊದಲು ಕೇಬಲನ್ನು ಎರಡೂ ಕಡೆಯಿಂದ ಕಳಚಿಕೊಳ್ಳಿ. ಪಿಒಇ ಅಂದರೆ ನೆಟ್‌ವರ್ಕ್ ಕೇಬಲಿನಲ್ಲೇ ಕರೆಂಟ್ ಕಳಿಸುವುದು; ಅದರಲ್ಲಿ ಕೇಳದೆಯೇ ಸದಾ ಹರಿಯುವ ಪ್ಯಾಸಿವ್ ಪಿಒಇ ಕರೆಂಟ್ ನೇರ ಬಂದರೆ ಟೆಸ್ಟರ್ ಸುಟ್ಟುಹೋಗಬಹುದು. ಮೈಕ್ರೋಸ್ಕ್ಯಾನರ್ ಆದರೆ ಕೇಬಲಿನಲ್ಲಿ ಪಿಒಇ ಉಂಟಾ ಎಂದು ಅದೇ ನೋಡಿ ಹೇಳುತ್ತದೆ.