ಕಾರವಾರದ ಮಳೆಗಾಲದಲ್ಲಿ ನಾಲ್ಕು ಬಟ್ಟೆಯಾನೆಗಳು

ಅಕ್ಕನ ಮಗಳಿಗೆಂದು ಬಟ್ಟೆಯ ಆನೆ ಹೊಲಿಯಲು ಕುಳಿತಾಗ, ಮನೆಯಲ್ಲಿ ಬಿಸಾಡುವ ವಸ್ತುಗಳಲ್ಲಿ ಅದರ ಹೊಟ್ಟೆ ತುಂಬಲು ಯಾವುದು ತಕ್ಕುದೆಂದು ಒಮ್ಮೆ ಸರಿಯಾಗಿ ಪರೀಕ್ಷಿಸಿಬಿಡೋಣ ಎನ್ನಿಸಿತು. ಹಳೆಯ ಚಾದರದಿಂದ ಒಂದೇ ಅಳತೆಯ, ಸುಮಾರು 25 ಸೆಂಟಿಮೀಟರ್ ಎತ್ತರದ ನಾಲ್ಕು ಆನೆಗಳನ್ನು ಹೊಲಿದು, ಒಂದೊಂದಕ್ಕೆ ಒಂದೊಂದು ಬಗೆಯ ಹೂರಣ ತುಂಬಿ, ಮೇ ತಿಂಗಳಿನಿಂದ ಆಗಸ್ಟ್‌ವರೆಗೆ ಕಾರವಾರದ ನಮ್ಮ ಮನೆಯಲ್ಲಿಯೇ ಇರಿಸಿದೆ.

ಮೊದಲನೆಯದಕ್ಕೆ ಹರಿದ ಹಾಸಿಗೆಯ ಹತ್ತಿಯನ್ನು ಎರಡು ದಿನ ಬಿಸಿಲಿಗೆ ಹಾಕಿ, ಕೈಯಿಂದ ಹಿಂಜಿ ತುಂಬಿದೆ. ಸುಮಾರು 120 ಗ್ರಾಂ ಹಿಡಿಯಿತು. ಮುಟ್ಟಲು ಇದರಷ್ಟು ಹಿತವಾದದ್ದು ನಾಲ್ಕರಲ್ಲಿ ಇನ್ನೊಂದಿರಲಿಲ್ಲ, ಹೀಗಾಗಿ ಮೇ ತಿಂಗಳಲ್ಲಿಯೇ ತೀರ್ಮಾನ ಬರೆದಿದ್ದರೆ ನಾನು ಹತ್ತಿಯನ್ನೇ ಗೆಲ್ಲಿಸಿರುತ್ತಿದ್ದೆ. ಸಾಧಾರಣ ಹವೆಯಲ್ಲಿಯೇ ಹತ್ತಿ ತನ್ನ ತೂಕದ ಶೇಕಡಾ 8ರಷ್ಟು ತೇವವನ್ನು ಹಿಡಿದುಕೊಳ್ಳುತ್ತದೆ. ಜುಲೈ ತಿಂಗಳಲ್ಲಿ, ಉಪ್ಪಿನ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಉಪ್ಪು ನೀರಾಗುವ ನಮ್ಮ ಕರಾವಳಿಯಲ್ಲಿ ಅದು ಇನ್ನೂ ಹೆಚ್ಚು. ಒಮ್ಮೆ ತೊಳೆದ ಮೇಲೆ ಆ ಆನೆಯ ಹೊರಗಿನ ಬಟ್ಟೆ ಮರುದಿನವೇ ಒಣಗಿದಂತೆ ಕಂಡರೂ, ಒಳಗಿನ ಹತ್ತಿ ಮುದ್ದೆಗಟ್ಟಿ, ಐದನೆಯ ದಿನಕ್ಕೆ ಮುಗ್ಗಲು ವಾಸನೆ ಹೊಡೆಯತೊಡಗಿತು. ಹೊಲಿಗೆ ಬಿಚ್ಚಿ ನೋಡಿದರೆ ನಡುವೆ ಕಪ್ಪು ಬೂಷ್ಟಿನ ಚುಕ್ಕೆಗಳಿದ್ದವು.

ಎರಡನೆಯದು ಚಿಂದಿ ಬಟ್ಟೆಯದು. ತುಂಡುಗಳು ದೊಡ್ಡವಾದರೆ ಆನೆಯ ಮೈ ಗಂಟುಗಂಟಾಗುತ್ತದೆ ಎಂಬುದು ಮೊದಲ ಕಾಲು ತುಂಬುವಾಗಲೇ ಗೊತ್ತಾದ್ದರಿಂದ, ಎಲ್ಲವನ್ನೂ ಬೆರಳ ತುದಿಯಷ್ಟು ಸಣ್ಣದಾಗಿ ಕತ್ತರಿಸಬೇಕಾಯಿತು. ಒಂದು ಇಡೀ ಸಂಜೆ ಹೋಯಿತು, ಹೆಬ್ಬೆರಳಿನ ಮೇಲೆ ಗುಳ್ಳೆಯೂ ಎದ್ದಿತು. ಹೆಣಿಗೆ ಬಟ್ಟೆ, ಅಂದರೆ ಹಳೆಯ ಬನಿಯನ್ನು, ಟೀ ಶರ್ಟುಗಳ ತುಂಡು, ಅಂಚಿನಲ್ಲಿ ತಾನೇ ಸುರುಳಿಯಾಗುವುದರಿಂದ ನೇಯ್ದ ಬಟ್ಟೆಗಿಂತ ಮೆತ್ತಗಿರುತ್ತದೆ ಮತ್ತು ಎಳೆ ಬಿಡುವುದಿಲ್ಲ. ಆದರೆ ತೂಕ 200 ಗ್ರಾಂ ದಾಟಿತು, ಒಣಗುವುದರಲ್ಲಿ ಹತ್ತಿಗಿಂತ ಅಷ್ಟೇನೂ ಮೇಲಲ್ಲ. ಬನಿಯನ್ನಿನ ತುಂಡುಗಳನ್ನು ತೆಗೆದು ಅರ್ಧಕ್ಕರ್ಧ ಸಿಂಥೆಟಿಕ್ ಸೀರೆಯ ಚೂರುಗಳನ್ನು ಬೆರೆಸಿದಾಗ ಮಾತ್ರ ಒಣಗುವ ಅವಧಿ ಎದ್ದು ಕಾಣುವಷ್ಟು ಇಳಿಯಿತು. ಆನೆ ನೆಟ್ಟಗೆ ನಿಲ್ಲಬೇಕಾದರೆ ಕಾಲುಗಳಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಮೂರನೆಯದಕ್ಕೆ ಹಾಲಿನ ಕೊಟ್ಟೆಗಳು. ಸೀಳಿ, ಬಿಸಿನೀರು ಮತ್ತು ಸಾಬೂನಿನಲ್ಲಿ ಜಿಡ್ಡು ಹೋಗುವವರೆಗೆ ತೊಳೆದು, ಒಣಗಿಸಿ, ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ ತುಂಬಿದೆ. ನೀರು ಹೀರುವುದಿಲ್ಲವಾದ್ದರಿಂದ ಮಳೆಗಾಲಕ್ಕೆ ಇದೇ ಸರಿ ಎಂದುಕೊಂಡಿದ್ದೆ, ಆದರೆ ಹಿಚುಕಿದಾಗಲೆಲ್ಲ ಚರಪರ ಸದ್ದು, ಮೈಯಲ್ಲಿ ಗಡಸು. ಸದ್ದು ಮಗುವಿಗೆ ಬಹಳ ಹಿಡಿಸಿತು ಎಂಬುದು ಬೇರೆ ಮಾತು. ಹೊಲಿಗೆ ಬಿಟ್ಟು ಪ್ಲಾಸ್ಟಿಕ್ಕಿನ ಪಟ್ಟಿ ಚಿಕ್ಕ ಮಗುವಿನ ಬಾಯಿಗೆ ಹೋದರೆ ಉಸಿರು ಕಟ್ಟುವ ಅಪಾಯವಿರುವುದರಿಂದ ಅದನ್ನು ನಾನು ಅವಳ ಕೈಯಿಂದ ಹಿಂದೆ ಪಡೆದೆ. ಈಗ ಅದು ಬಾಗಿಲಿಗೆ ತಡೆಯಾಗಿ ಕುಳಿತಿದೆ, ಅದಕ್ಕೂ ತೂಕ ಸಾಲದು.

ತೆಂಗಿನ ನಾರನ್ನೂ ತುಂಬಿ ನೋಡಿದ್ದೆ. ಚಾದರದ ನೇಯ್ಗೆಯೊಳಗಿಂದ ಮುಳ್ಳಿನಂತೆ ಹೊರಬಂದದ್ದರಿಂದ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ನಾಲ್ಕನೆಯ ಆನೆಯೊಳಗೆ, ಚಪ್ಪಟೆಯಾಗಿ ಎಸೆಯಲೆಂದು ಇಟ್ಟಿದ್ದ ತಲೆದಿಂಬಿನ ಪಾಲಿಯೆಸ್ಟರ್ ನಾರು. ಹಿಂಜಿದಾಗ ಮತ್ತೆ ಉಬ್ಬಿತು, 75 ಗ್ರಾಂ ಸಾಕಾಯಿತು. ಪಾಲಿಯೆಸ್ಟರ್ ಹೀರುವ ತೇವ ಶೇಕಡಾ ಅರ್ಧಕ್ಕಿಂತಲೂ ಕಡಿಮೆ. ಹಿಂಡದೆ ಟವೆಲಿನಲ್ಲಿ ಒತ್ತಿ ನೀರು ತೆಗೆದು ಫ್ಯಾನಿನ ಕೆಳಗೆ ಇಟ್ಟದ್ದು ಮರುದಿನ ಸಂಜೆಗೆ ಒಳಗೂ ಒಣಗಿತ್ತು. ಆಗಸ್ಟ್ ಹೊತ್ತಿಗೆ ಕುತ್ತಿಗೆ ತುಸು ಜೋತುಬಿದ್ದದ್ದೊಂದು ಕೊರತೆ. ಸೊಂಡಿಲು ಮತ್ತು ಕಾಲುಗಳಿಗೆ ಸಿಂಥೆಟಿಕ್ ಸೀರೆಯ ಚೂರು, ಹೊಟ್ಟೆ ಮತ್ತು ತಲೆಗೆ ದಿಂಬಿನ ನಾರು ಎಂದು ಹಂಚಿಕೊಂಡ ಐದನೆಯ ಆನೆಯೇ ಈಗ ಮಗುವಿನ ಬಳಿ ಇರುವುದು.

ಹತ್ತಿಯ ಮೃದುತ್ವವನ್ನು ಬಿಡಲಾರದವರು ಹತ್ತಿಯನ್ನು ತೆಳುಬಟ್ಟೆಯ ಚೀಲದಲ್ಲಿ ಹಾಕಿ ಹೊಲಿದು, ಆನೆಯ ಹೊಟ್ಟೆಯ ಕೆಳಗೆ ದೊಡ್ಡ ಟಾಕುಗಳನ್ನಷ್ಟೇ ಹಾಕಲಿ. ಜೂನ್ ಮೊದಲ ವಾರ ಟಾಕು ಬಿಚ್ಚಿ ಚೀಲವನ್ನು ಹೊರತೆಗೆದು ಗಾಳಿಯಾಡದ ಡಬ್ಬಿಯಲ್ಲಿಟ್ಟರೆ, ಅಕ್ಟೋಬರಿನ ಬಿಸಿಲಿಗೆ ಒಮ್ಮೆ ತೋರಿಸಿ ಮತ್ತೆ ತುಂಬಬಹುದು.