ಹೊಸ ಹಿತ್ತಾಳೆಗೆ ಹಳೇ ಬಣ್ಣ: ಅಮೋನಿಯಾ, ಗಂಧಕ, ಫೆರಿಕ್ ಕ್ಲೋರೈಡ್, ರೆಡಿಮೇಡ್ ಕಪ್ಪು – ಯಾವುದು ಯಾವುದಕ್ಕೆ?

ಕೆಡವಿದ ಮನೆಯಿಂದ ಬಂದ ತೇಗದ ಬಾಗಿಲಿಗೆ ಹೊಸ ಹಿತ್ತಾಳೆ ಚಿಲಕ, ಹಿಡಿ ಕೂರಿಸಿದರೆ ಬಾಗಿಲಿಗಿಂತ ಮೊದಲು ಅವೇ ಕಣ್ಣಿಗೆ ಹೊಡೆಯುತ್ತವೆ. ಅಂಗಡಿಯಲ್ಲಿ ‘ಆಂಟಿಕ್’ ಎಂದು ಮಾರುವ ಸಾಮಾನಿನಲ್ಲಿ ಬಹಳಷ್ಟು ಕೃತಕವಾಗಿ ಕಾಣುತ್ತವೆ. ಕಾರಣ ಸರಳ: ನಿಜವಾಗಿ ಹಳೆಯದಾದ ಹಿತ್ತಾಳೆ ಎಲ್ಲ ಕಡೆ ಒಂದೇ ಸಮ ಕಪ್ಪಾಗಿರುವುದಿಲ್ಲ. ಸಂದಿಗೊಂದಿಗಳಲ್ಲಿ ಕಡುಕಂದು, ಬಯಲಿನಲ್ಲಿ ಮಂಕು, ದಿನಾ ಕೈ ಬೀಳುವ ಜಾಗದಲ್ಲಿ ಹೊಳಪು. ಹಾಗಾಗಿ ಯಾವ ದ್ರಾವಣ ಎಷ್ಟು ಕಪ್ಪು ಮಾಡುತ್ತದೆ ಎನ್ನುವುದಕ್ಕಿಂತ, ಆ ಕಪ್ಪನ್ನು ಎಲ್ಲಿ ಎಷ್ಟು ತೆಗೆಯಲು ಬಿಡುತ್ತದೆ ಎನ್ನುವುದನ್ನೇ ಇಲ್ಲಿ ಅಳತೆಗೋಲಾಗಿ ಇಟ್ಟುಕೊಂಡಿದ್ದೇವೆ. ಎರಕದ ಹಿಡಿ, ತಗಡು ಒತ್ತಿ ಮಾಡಿದ ಪ್ಲೇಟು, ಸ್ಕ್ರೂ – ಮೂರರ ಮೇಲೂ ಹಚ್ಚಿ ನೋಡಿದ ಮಾತುಗಳಿವು.

ಮೊದಲು ಲೋಹ ಯಾವುದೆಂದು ನೋಡಿ

ಆಯಸ್ಕಾಂತ ಹಿಡಿದರೆ ಒಳಗಿರುವುದು ಕಬ್ಬಿಣ, ಮೇಲೆ ಮುಲಾಮು, ಅಂದರೆ ತೆಳು ಲೋಹದ ಲೇಪ. ಹಿಡಿಯದಿದ್ದರೆ ಹಿತ್ತಾಳೆಯೇ ಎಂದುಕೊಳ್ಳಬೇಡಿ. ಹಿಂಬದಿಯಲ್ಲಿ, ಸ್ಕ್ರೂ ತೂತಿನ ಅಂಚಿನಲ್ಲಿ ಅರದಿಂದ ಒಮ್ಮೆ ಉಜ್ಜಿ. ಹಳದಿಯೇ ಕಂಡರೆ ಹಿತ್ತಾಳೆ. ಬೂದುಬಿಳಿ ಕಂಡರೆ ಸತುವಿನ ಎರಕ, ಅಂದರೆ ಜಮ್ಯಾಕ್. ಕೈಯಲ್ಲಿ ಹಿಡಿದಾಗಲೂ ಹಗುರ ಗೊತ್ತಾಗುತ್ತದೆ: ಹಿತ್ತಾಳೆಯ ಸಾಂದ್ರತೆ 8.5ರ ಆಸುಪಾಸು, ಜಮ್ಯಾಕ್‌ನದು 6.7ರಷ್ಟು.

ಆಮೇಲೆ ಲ್ಯಾಕರ್, ಅಂದರೆ ಹೊಳಪು ಮಾಸದಿರಲೆಂದು ಹಚ್ಚಿರುವ ಪಾರದರ್ಶಕ ಲೇಪ. ಇದನ್ನು ತೆಗೆಯದೆ ಏನು ಸುರಿದರೂ ನೀರಲ್ಲಿ ಹೋಮ. ನೈಟ್ರೋಸೆಲ್ಯುಲೋಸ್ ಲ್ಯಾಕರ್ ಆದರೆ ಅಸಿಟೋನ್ ಅಥವಾ ಎನ್‌ಸಿ ಥಿನ್ನರ್‌ನಲ್ಲಿ ಅರ್ಧ ಗಂಟೆ ನೆನೆಸಿದರೆ ಬಿಡುತ್ತದೆ. ಬಿಡದಿದ್ದರೆ ಲೀಟರ್ ನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ 15–20 ನಿಮಿಷ ಕುದಿಸಿ. ಪೊರೆಯ ಹಾಗೆ ಏಳುತ್ತದೆ. ಅದಕ್ಕೂ ಬಗ್ಗದ ಬೇಯಿಸಿದ ಲೇಪಕ್ಕೆ ಪೇಂಟ್ ರಿಮೂವರ್ರೇ ಗತಿ. ಕೊನೆಗೆ ಪಾತ್ರೆ ತೊಳೆಯುವ ಸೋಪು, ಹಸಿರು ಸ್ಕಾಚ್ ಬ್ರೈಟ್. ತೊಳೆದ ಮೇಲೆ ನೀರು ಹನಿಹನಿಯಾಗಿ ನಿಲ್ಲದೆ ಹಾಳೆಯಂತೆ ಹರಡಿದರೆ ಜಿಡ್ಡು ಹೋಗಿದೆ ಎಂದರ್ಥ. ಇಲ್ಲಿಂದ ಮುಂದೆ ಕೈಗವಸು ಇಲ್ಲದೆ ಮುಟ್ಟಬೇಡಿ. ಬೆರಳಚ್ಚು ಕೊನೆಯವರೆಗೂ ಉಳಿಯುತ್ತದೆ.

ಅಮೋನಿಯಾ ಹಬೆ

ಬಣ್ಣದ ಮಟ್ಟಿಗೆ ಇದನ್ನು ಮೀರಿಸುವುದು ಸಿಗಲಿಲ್ಲ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ, ಸುಮಾರು 15 ಲೀಟರಿನದು. ಅಡಿಯಲ್ಲಿ ಒಂದು ಬಟ್ಟಲಿಗೆ 50 ಮಿ.ಲೀ. ಲೈಕರ್ ಅಮೋನಿಯಾ, ಲ್ಯಾಬ್ ಕೆಮಿಕಲ್ ಅಂಗಡಿಗಳಲ್ಲಿ ಸಿಗುವ ಶೇ. 25ರದ್ದು. ಮೇಲೆ ಪ್ಲಾಸ್ಟಿಕ್ ಜಾಲರಿ, ಅದರ ಮೇಲೆ ಒಂದಕ್ಕೊಂದು ತಾಗದಂತೆ ಸಾಮಾನು. ಗಂಟೆಗೊಮ್ಮೆ ನೋಡುತ್ತಿರಿ. ಬೇಸಗೆಯಲ್ಲಿ ಎರಡು ಗಂಟೆಗೆ ಜೇನಿನ ಬಣ್ಣ, ಐದಾರು ಗಂಟೆಗೆ ಕಂದು. ತೆಗೆದ ಕೂಡಲೇ ಒರೆಸಬಾರದು. ಒಂದು ದಿನ ಗಾಳಿಗಿಟ್ಟು ಆಮೇಲೆ ತೊಳೆಯಬೇಕು.

ಕೆಡುವುದು ಎಲ್ಲಿ? ರಾತ್ರಿಯಿಡೀ ಬಿಟ್ಟರೆ ತಂಪಿಗೆ ಮುಚ್ಚಳದ ಒಳಗೆ ಹನಿ ಕಟ್ಟಿ ಸಾಮಾನಿನ ಮೇಲೆ ಬೀಳುತ್ತದೆ. ಬಿದ್ದಲ್ಲೆಲ್ಲ ನೀಲಿ ಉಂಗುರ. ಡಬ್ಬಿಯನ್ನು ಓರೆಯಾಗಿಡಿ, ಇಲ್ಲವೇ ಮುಚ್ಚಳದಡಿ ದಪ್ಪ ಹತ್ತಿ ಬಟ್ಟೆ ಕೊಡಿ. ಅಮೋನಿಯಾ ದ್ರವ ನೇರವಾಗಿ ತಾಗಲೇಬಾರದು, ಅದು ತಾಮ್ರವನ್ನು ಕರಗಿಸುತ್ತದೆ. ಬಯಲಲ್ಲಿ ಮಾಡಿ, ಕನ್ನಡಕ ಹಾಕಿ, ಹತ್ತಿರದಲ್ಲಿ ಬ್ಲೀಚ್ ಇರದಂತೆ ನೋಡಿಕೊಳ್ಳಿ; ಎರಡೂ ಸೇರಿದರೆ ವಿಷಗಾಳಿ.

ಇದಕ್ಕಿಂತ ದೊಡ್ಡ ದೋಷ ಕಣ್ಣಿಗೆ ಕಾಣುವುದಿಲ್ಲ. ಬ್ರಿಟಿಷರ ಕಾಲದಲ್ಲಿ ಭಾರತದ ಸೇನಾ ಠಾಣ್ಯಗಳಲ್ಲಿ ಮಳೆಗಾಲಕ್ಕೆ ಮದ್ದುಗುಂಡುಗಳನ್ನು ಕುದುರೆ ಲಾಯದಲ್ಲಿಟ್ಟಾಗ ಹಿತ್ತಾಳೆ ತೋಟಾಗಳು ತಾವಾಗಿಯೇ ಸೀಳುತ್ತಿದ್ದವು. ಕಾರಣವನ್ನು 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್ಸನ್ ವಿವರಿಸಿದರು: ಕುದುರೆ ಮೂತ್ರದ ಅಮೋನಿಯಾ, ಜೊತೆಗೆ ತಣ್ಣಗಿದ್ದಾಗಲೇ ಎಳೆದ ಲೋಹದಲ್ಲಿ ಉಳಿದ ಬಿಗಿತ. ನಿಮ್ಮ ಪ್ಲಾಸ್ಟಿಕ್ ಡಬ್ಬಿಯೂ ಒಂದು ಪುಟ್ಟ ಲಾಯವೇ. ಎರಕದ ಹಿಡಿಗೆ ಅಷ್ಟೇನೂ ಭಯವಿಲ್ಲ. ಒತ್ತಿದ ಪ್ಲೇಟು, ಬಾಗಿಸಿದ ಕೊಂಡಿ, ಹಿತ್ತಾಳೆ ಸ್ಪ್ರಿಂಗು ಇದರೊಳಗೆ ಬೇಡ. ಭಾರ ಹೊರುವ ತಿರುಗಣಿಯಂತೂ ಬೇಡವೇ ಬೇಡ.

ಈ ಬಣ್ಣ ಸ್ವಲ್ಪ ಮೆದು. ಕೈ ಉಜ್ಜಿದ ಕಡೆ ಕೆಲವೇ ತಿಂಗಳಲ್ಲಿ ಹಳದಿ ಇಣುಕುತ್ತದೆ. ನಮ್ಮ ಲೆಕ್ಕದಲ್ಲಿ ಅದು ದೋಷವಲ್ಲ, ಹಳೆಯದು ಕಾಣುವುದೇ ಹಾಗೆ.

ಫೆರಿಕ್ ಕ್ಲೋರೈಡ್

ಸರ್ಕ್ಯೂಟ್ ಬೋರ್ಡ್ ಕೊರೆಯುವ ಉಪ್ಪು; ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಬೀದಿಗಳಲ್ಲಿ ಸಿಗುತ್ತದೆ. ಲೀಟರಿಗೆ 20 ಗ್ರಾಂ ಸಾಕು. ನೀರಿಗೆ ಅದನ್ನು ಹಾಕಿ, ಅದಕ್ಕೆ ನೀರು ಸುರಿಯಬೇಡಿ, ಬಿಸಿಯೇರುತ್ತದೆ. ಎರಡರಿಂದ ಐದು ನಿಮಿಷ ಅದ್ದಿದರೆ ಮಾಸಲು ಕಂದು. ಕನ್ನಡಿ ಹೊಳಪನ್ನೂ ಇದೇ ಕೊರೆದು ಮಂಕು ಮಾಡುವುದರಿಂದ ಉಜ್ಜುವ ಕೆಲಸ ಅರ್ಧ ಉಳಿಯುತ್ತದೆ. ಅಲಂಕಾರದ ಮೊಳೆ, ಹಿತ್ತಾಳೆ ಸ್ಕ್ರೂಗಳಂಥ ಚಿಲ್ಲರೆ ಸಾಮಾನನ್ನು ಒಟ್ಟಿಗೆ ಅದ್ದಲು ಇದರಷ್ಟು ಅಗ್ಗದ್ದು ಬೇರೆ ಇಲ್ಲ.

ಗಟ್ಟಿ ದ್ರಾವಣದ ಆಸೆಗೆ ಬಿದ್ದರೆ ಮೇಲ್ಮೈಯ ಸತು ಕರಗಿ ತಾಮ್ರ ಮಾತ್ರ ಉಳಿದು ಗುಲಾಬಿ ಕಲೆ ಏಳುತ್ತದೆ. ಮತ್ತೊಂದು ಕಾಟ ನಿಧಾನದ್ದು: ಸಂದಿಯಲ್ಲಿ ಕ್ಲೋರೈಡ್ ಉಳಿದರೆ ಮಳೆಗಾಲದಲ್ಲಿ ಹಸಿರು ಕಿಲುಬು ಚುಕ್ಕೆಚುಕ್ಕೆಯಾಗಿ ಹೊರಬರುತ್ತದೆ, ಒರೆಸಿದರೂ ಮತ್ತೆ ಬರುತ್ತದೆ. ಅದಕ್ಕೇ ಲೀಟರಿಗೆ 20 ಗ್ರಾಂ ಅಡುಗೆ ಸೋಡಾದ ನೀರಿನಲ್ಲಿ ಐದು ನಿಮಿಷ, ಹಲ್ಲುಜ್ಜುವ ಬ್ರಷ್ಷಿನಿಂದ ಮೂಲೆ ತಿಕ್ಕಿ, ಮತ್ತೆ ನೀರು. ಸ್ಟೀಲ್ ಸಿಂಕಿನಲ್ಲಿ ಮಾಡಬೇಡಿ, ಸಿಂಕೇ ತೂತಾದೀತು.

ರೆಡಿಮೇಡ್ ಕಪ್ಪು

‘ಬ್ರಾಸ್ ಬ್ಲ್ಯಾಕ್’ ಜಾತಿಯ ಬಾಟಲಿಗಳಲ್ಲಿ ಸಾಮಾನ್ಯವಾಗಿ ಸೆಲೆನಿಯಸ್ ಆಮ್ಲ, ತಾಮ್ರದ ಲವಣ ಇರುತ್ತವೆ. ಬಾಟಲಿಯಿಂದ ನೇರವಾಗಿ ಹಚ್ಚಿದರೆ ಅರೆ ನಿಮಿಷದಲ್ಲಿ ಮಸಿ. ಆದರೆ ಅದು ನಿಜಕ್ಕೂ ಮಸಿಯಂತೆಯೇ ಬೆರಳಿಗೆ ಬರುತ್ತದೆ. ಒಂದಕ್ಕೆ ಹತ್ತು ಪಾಲು ನೀರು ಬೆರೆಸಿ ಎರಡು ಮೂರು ಸಲ ಅದ್ದಿದರೆ ತೆಳುವಾಗಿ, ಗಟ್ಟಿಯಾಗಿ ಕೂರುತ್ತದೆ. ಒಣ ಸಾಮಾನು ಅದ್ದಬೇಡಿ, ನೀರಿನಲ್ಲಿ ನೆನೆಸಿಯೇ ಅದ್ದಿ. ಇಲ್ಲದಿದ್ದರೆ ಗೆರೆ ಬೀಳುತ್ತದೆ. ಒತ್ತಿದ ಪ್ಲೇಟು, ತಿರುಗಣಿಗೆ ಅಮೋನಿಯಾದ ಬದಲು ಇದೇ. ಬೆಲೆ ಹೆಚ್ಚು, ಸೆಲೆನಿಯಂ ವಿಷ. ಉಳಿದದ್ದನ್ನು ಚರಂಡಿಗೂ ಬಾವಿಕಟ್ಟೆಗೂ ಚೆಲ್ಲಬಾರದು.

ಗಂಧಕ, ಮತ್ತೆ ಉಪ್ಪು-ವಿನೆಗರ್

ಗಂಧಕದ ದ್ರಾವಣಕ್ಕೆ ಇರುವ ಹೆಸರು ತಾಮ್ರ, ಬೆಳ್ಳಿಯಲ್ಲಿ ಗಳಿಸಿದ್ದು. ಹಿತ್ತಾಳೆಯಲ್ಲಿರುವ ಸತು ಅದಕ್ಕೆ ಕಪ್ಪಾಗುವುದಿಲ್ಲ, ಹಾಗಾಗಿ ತೇಪೆತೇಪೆಯಾಗಿ ಬರುತ್ತದೆ. ಮೊದಲು ತಾಮ್ರದ ತೆಳು ಪೊರೆ ಕೂರಿಸಿ ಆಮೇಲೆ ಗಂಧಕಕ್ಕೆ ಅದ್ದುವ ಉಪಾಯವಿದೆ. ಕೆಲಸ ಮಾಡುತ್ತದೆ, ಆದರೆ ಅಂಚುಗಳನ್ನು ಉಜ್ಜಿದಾಗ ಕಪ್ಪಿಗೂ ಹಳದಿಗೂ ನಡುವೆ ಗುಲಾಬಿ ಗೆರೆ ಕಂಡು ಗುಟ್ಟು ರಟ್ಟಾಗುತ್ತದೆ. ಆ ಪೊರೆ ಕೂರಿಸುವ ಆಮ್ಲದಿಂದ ತೆಗೆದದ್ದನ್ನು ಚೆನ್ನಾಗಿ ತೊಳೆಯದೆ ಗಂಧಕಕ್ಕೆ ಅದ್ದಿದರೆ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಕೊಳೆತ ಮೊಟ್ಟೆಯ ನಾತವೊಂದೇ ಅಲ್ಲ, ಪ್ರಾಣಕ್ಕೂ ಅಪಾಯ.

ಉಪ್ಪು-ವಿನೆಗರ್ ಕೊಡುವುದು ಕಂದು ಅಲ್ಲ, ಹಸಿರು ಪುಡಿ. ಫೋಟೋಗೆ ಚೆಂದ. ಊಟದ ಕೈ ಮುಟ್ಟುವ ಹಿಡಿಗೆ ತಾಮ್ರದ ಆ ಲವಣ ಬೇಡ.

ಹಿತ್ತಾಳೆಯಲ್ಲದಿದ್ದರೆ

ಜಮ್ಯಾಕ್‌ಗೆ ಹೋಲಿಸಿ ನೋಡಬಹುದಾದ್ದು ಬೀದರಿನ ಬಿದ್ರಿ. ಅಲ್ಲಿಯೂ ಬಹುಪಾಲು ಸತುವೇ, ಜೊತೆಗೆ ಸ್ವಲ್ಪ ತಾಮ್ರ. ಕೋಟೆಯ ಮಣ್ಣು, ನವಸಾಗರ ಕಲಸಿದ ನೀರಿನಲ್ಲಿ ಅದು ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ. ಜಮ್ಯಾಕ್‌ನಲ್ಲಿ ಶೇ. 4ರಷ್ಟು ಅಲ್ಯೂಮಿನಿಯಂ ಸೇರಿರುವುದರಿಂದ ಅದೇ ಕಪ್ಪನ್ನು ನಿರೀಕ್ಷಿಸಬೇಡಿ. ಲೀಟರಿಗೆ 10 ಗ್ರಾಂ ಮೈಲುತುತ್ತದ ನೀರಿನಲ್ಲಿ ಬರಿಮೈ ಸತು ಕಪ್ಪಿಡುತ್ತದೆ. ಗಟ್ಟಿ ಮಾಡಿದರೆ ಪುಡಿಯಾಗಿ ಉದುರುತ್ತದೆ. ಮುಲಾಮಿನ ಮೇಲೆ ಹೆಚ್ಚು ಉಜ್ಜಿದರೆ ಬೂದು ಕಾಣುತ್ತದೆ, ಅದನ್ನು ಮುಚ್ಚುವ ದಾರಿಯಿಲ್ಲ.

ಸತು ಲೇಪದ ಕಬ್ಬಿಣದ ಸ್ಕ್ರೂಗಳನ್ನು ವಿನೆಗರ್‌ನಲ್ಲಿ ಗುಳ್ಳೆ ನಿಲ್ಲುವವರೆಗೆ, ಸಾಮಾನ್ಯವಾಗಿ ಒಂದು ರಾತ್ರಿ, ಬಿಡಿ. ಮುಚ್ಚಳ ಬಿಗಿ ಮಾಡಬೇಡಿ, ಜಲಜನಕ ಹೊರಹೋಗಬೇಕು. ಸೋಡಾ ನೀರಿನಲ್ಲಿ ತೊಳೆದು, ಜಜ್ಜಿದ ಅಳಲೆಕಾಯಿ 50 ಗ್ರಾಂ ಅರ್ಧ ಲೀಟರಿನಲ್ಲಿ ಕುದಿಸಿದ ಕಷಾಯಕ್ಕೆ ಹಾಕಿ. ಅದರ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಕೆಲವು ಗಂಟೆಗಳಲ್ಲಿ ನೀಲಿಗಪ್ಪು. ಒಣಗಿಸಿ ಅಗಸೆ ಎಣ್ಣೆ ಸವರಿ. ಲೇಪ ತೆಗೆಯದೆ ಬೆಂಕಿಯಲ್ಲಿ ಕಾಯಿಸುವ ಅಡ್ಡದಾರಿ ಬೇಡ, ಸತುವಿನ ಹೊಗೆ ಜ್ವರ ತರಿಸುತ್ತದೆ. ಹಿತ್ತಾಳೆ, ಕಬ್ಬಿಣ ಎರಡನ್ನೂ ಒಂದೇ ಆಮ್ಲದ ಬಟ್ಟಲಿಗೆ ಹಾಕಿದರೆ ಕರಗಿದ ತಾಮ್ರ ಮತ್ತೆ ಮೇಲೆ ಕೂತು ಎಲ್ಲವೂ ಗುಲಾಬಿ.

ಉಜ್ಜುವುದು, ಮೇಣ

ಬಣ್ಣ ಬಂದ ಮೇಲೆ ಒಂದು ದಿನ ಬಿಟ್ಟು 0000 ನಂಬರಿನ ಸ್ಟೀಲ್ ವೂಲ್ ಹಿಡಿಯಿರಿ. ಹಿಡಿಯನ್ನು ಬಾಗಿಲು ಎಳೆಯುವಂತೆ ಕೈಗವಸು ಹಾಕಿಕೊಂಡೇ ಹಿಡಿದು ನೋಡಿ: ನಾಲ್ಕು ಬೆರಳು ಒಳಬದಿಯಲ್ಲಿ, ಹೆಬ್ಬೆರಳು ಮೇಲೆ. ಅಲ್ಲಿ ಮಾತ್ರ ಹಳದಿ ಬರುವಷ್ಟು ಉಜ್ಜಿ. ಚಿಲಕದ ಸರಳಿನಲ್ಲಿ ಜಾರುವ ಮುಖ, ಗುಂಡಿಯ ನೆತ್ತಿ. ಸ್ಕ್ರೂ ತಲೆಯ ಸೀಳಿನೊಳಗೆ ಮುಟ್ಟಬೇಡಿ.

ಜೇನುಮೇಣ ಒಂದು ಪಾಲು, ಟರ್ಪೆಂಟೈನ್ ಮೂರು ಪಾಲು. ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ನೇರ ಉರಿಯ ಮೇಲೆ ಬೇಡ. ಸಾಮಾನನ್ನು ಬಿಸಿಲಿಗಿಟ್ಟು ಬೆಚ್ಚಗೆ ಮಾಡಿ ಸವರಿ, ಆರಿದ ಮೇಲೆ ಬಟ್ಟೆಯಿಂದ ತೀಡಿ. ಮತ್ತೆ ಲ್ಯಾಕರ್ ಹೊಡೆದರೆ ಅಂಗಡಿಯ ಆಂಟಿಕ್ಕೇ ಆಗುತ್ತದೆ. ಕರಾವಳಿಯಲ್ಲಿ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಮೇಣ ಬೇಕು. ಬಯಲುಸೀಮೆಗೆ ವರ್ಷಕ್ಕೊಂದು ಸಾಕು.

ಮನೆಯಲ್ಲಿ ಮಾತ್ರ ಮೊದಲೇ ಹೇಳಿಡಿ. ಆಯುಧಪೂಜೆಯ ಹಿಂದಿನ ದಿನ ಯಾರಾದರೂ ಹುಣಸೆಹಣ್ಣೋ ಪೀತಾಂಬರಿಯೋ ಹಿಡಿದು ಬಾಗಿಲ ಬಳಿ ನಿಂತರೆ ಹತ್ತು ನಿಮಿಷದಲ್ಲಿ ಎಲ್ಲ ಹೊಳೆಯುತ್ತದೆ. ಹಾಗಾದಾಗ ಲ್ಯಾಕರ್ ಹಂತ ಬೇಕಿಲ್ಲ. ಉಳಿದ ಮೇಣವನ್ನು ಟರ್ಪೆಂಟೈನಿನಿಂದ ಒರೆಸಿ, ಸೋಪಿನಲ್ಲಿ ಹುಳಿ ತೊಳೆದು ನೇರವಾಗಿ ಹಬೆಗೋ ದ್ರಾವಣಕ್ಕೋ ಹಾಕಬಹುದು.