ಹಸಿರು ಕೋಟಿನ ಅಕ್ಕಂದಿರು ಮತ್ತು ನನ್ನ 50 ರೂಪಾಯಿ

ತಿಂಗಳಿಗೊಮ್ಮೆ ನಮ್ಮ ಮನೆಗೆ ಇಬ್ಬರು ಬರುತ್ತಾರೆ. ಹಸಿರು ಕೋಟು, ತಲೆಗೆ ಟೊಪ್ಪಿ, ಹೆಗಲಲ್ಲಿ ಮಡಚಿದ ದೊಡ್ಡ ಚೀಲ. ಅಂಗಳಕ್ಕೆ ಕಾಲಿಡುವ ಮೊದಲೇ "ಟೀಚರೇ, ಪ್ಲಾಸ್ಟಿಕ್ ಉಂಟಾ?" ಅಂತ ಒಂದು ಕೂಗು. ನಮ್ಮ ನಾಯಿ ಅವರಿಗೆ ಬೊಗಳುವುದಿಲ್ಲ, ಬಾಲ ಆಡಿಸುತ್ತದೆ. ಮೂವತ್ತು ವರ್ಷದಿಂದ ಬರುತ್ತಿರುವ ಪೋಸ್ಟ್‌ಮ್ಯಾನ್‌ಗೂ ಈ ಮರ್ಯಾದೆ ಸಿಕ್ಕಿಲ್ಲ.

ಇವರು ಹರಿತ ಕರ್ಮಸೇನೆಯವರು. ಕಾಸರಗೋಡಿನಲ್ಲಿ ಇರುವವರಿಗೆ ಹೇಳಬೇಕಾಗಿಲ್ಲ. ಪುತ್ತೂರು, ಸುಳ್ಯದ ನೆಂಟರಿಗೆ ಹೇಳಿದರೆ ಮಾತ್ರ ಯಾವುದೋ ಪಕ್ಷದ ಸಂಘಟನೆ ಅಂತ ತಿಳಿದು ಮಾತು ಬದಲಿಸುತ್ತಾರೆ. ಹಾಗಲ್ಲ. ಕೇರಳ ಸರಕಾರದ ಮಹಿಳಾ ಸ್ವಸಹಾಯ ಸಂಘಗಳ ಜಾಲವಾದ ಕುಟುಂಬಶ್ರೀಯ ಹೆಂಗಸರು ಪಂಚಾಯತಿನ ಪರವಾಗಿ ಮನೆಮನೆಗೆ ಬಂದು ಕೊಳೆಯದ ಕಸ ಒಯ್ಯುವ ವ್ಯವಸ್ಥೆ. ಕೊಳೆಯುವ ಕಸ ನಮ್ಮದೇ ಜವಾಬ್ದಾರಿ. ಹಳ್ಳಿ ಮನೆಗೆ ತಿಂಗಳಿಗೆ 50 ರೂಪಾಯಿ. ನಾನು ಕೆಲವು ವರ್ಷಗಳಿಂದ ಕೊಡುತ್ತಿದ್ದೇನೆ. ಈ 50 ರೂಪಾಯಿಗೆ ಸರಿಯಾಗಿ ಏನು ಸಿಗುತ್ತದೆ ಅಂತ ಬರೆಯೋಣ ಅನ್ನಿಸಿತು. ನಿವೃತ್ತಿ ಆದ ಮೇಲೆ ಮೌಲ್ಯಮಾಪನ ಮಾಡಲು ಬೇರೆ ಏನೂ ಇಲ್ಲ ನೋಡಿ.

ಮೊದಲು ನಮ್ಮ ಮನೆಯ ಕಥೆ. ಪ್ಲಾಸ್ಟಿಕ್ ಅಂದರೆ ನಮಗೆ ಅಬ್ಬಿ ಒಲೆಯ ಬೆಂಕಿ ಹೊತ್ತಿಸುವ ಸಾಮಾನು. ಬಚ್ಚಲಿನ ಹಂಡೆಯ ಅಡಿಯಲ್ಲಿ ಕಂಗಿನ (ಅಡಿಕೆ ಮರದ) ಸೋಗೆ, ತೆಂಗಿನ ಕೊತ್ತಳಿಂಗೆ ಇಟ್ಟು, ಅದರಡಿಗೆ ಎರಡು ಹಾಲಿನ ತೊಟ್ಟೆ, ಅಂದರೆ ಖಾಲಿ ಪ್ಯಾಕೆಟ್, ತೂರಿಸಿ ಕಡ್ಡಿ ಗೀರುವುದು. ಆಟಿ ತಿಂಗಳ ಮಳೆಯಲ್ಲಿ ಸೌದೆ ಒದ್ದೆ ಇರುವಾಗ ಇದಕ್ಕಿಂತ ಸುಲಭದ ದಾರಿ ಇರಲಿಲ್ಲ. ಮಕ್ಕಳಿಗೆ ಪರಿಸರ ದಿನದ ಭಾಷಣ ಬರೆದುಕೊಟ್ಟು, ಸಂಜೆ ಮನೆಗೆ ಬಂದು ಅದೇ ನೀರಿನಲ್ಲಿ ಸ್ನಾನ ಮಾಡಿದವಳು ನಾನು. ಸುಮ್ನೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ, ಆ ಕರಿ ಹೊಗೆಯ ವಾಸನೆ ಟವೆಲ್ಲಿಗೂ ಹಿಡಿಯುತ್ತಿತ್ತು.

2023ರ ಮಾರ್ಚ್‌ನಲ್ಲಿ ಕೊಚ್ಚಿಯ ಬ್ರಹ್ಮಪುರಂನಲ್ಲಿ ಕಸದ ರಾಶಿಗೆ ಬೆಂಕಿ ಬಿದ್ದು ಹತ್ತು ಹನ್ನೆರಡು ದಿನ ಹೊಗೆ ಏಳುತ್ತಿತ್ತಲ್ಲ, ಆಮೇಲೆ ಎಲ್ಲ ಕಡೆ ಬಿಗಿಯಾಯಿತು. ಸುಟ್ಟರೆ ದಂಡ, ರಸ್ತೆ ಬದಿಗೆ ಎಸೆದರೆ ದಂಡ. ನಮ್ಮ ಬಾಗಿಲ ಪಕ್ಕ ಒಂದು ಕ್ಯೂಆರ್ ಕೋಡ್ ಅಂಟಿಸಿ ಹೋದರು. ಅದು ಈಗಲೂ ಇದೆ, ದಸರಾಕ್ಕೆ ಕಟ್ಟಿದ ಮಾವಿನ ಎಲೆಯ ಪಕ್ಕದಲ್ಲೇ.

ಮೊದಲ ತಿಂಗಳು ನಾನು ಮಾಡಿದ ಕೆಲಸ ಹೇಳಲು ನಾಚಿಕೆ. ಇದ್ದಬದ್ದ ತೊಟ್ಟೆಗಳನ್ನೆಲ್ಲ ಒಂದು ಗೊಬ್ಬರದ ಚೀಲಕ್ಕೆ ತುಂಬಿ ಕಟ್ಟಿ ಕೊಟ್ಟೆ. ಇಬ್ಬರಲ್ಲಿ ದೊಡ್ಡವರು ಅಲ್ಲೇ ಜಗಲಿಯ ಮೇಲೆ ಅದನ್ನು ಸುರುವಿದರು. ಮೊಸರಿನ ತೊಟ್ಟೆಯೊಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. ಒಳಗೆ ಹಸಿರು ಬೂಸ್ಟು, ಅದರ ನಡುವೆ ಬಿಳಿ ಹುಳ. ಬೈಯಲಿಲ್ಲ. "ಟೀಚರೇ, ಇದನ್ನು ಅಲ್ಲಿ ಶೆಡ್ಡಿನಲ್ಲಿ ನಾನು ಕೈಯಲ್ಲಿ ಬಿಡಿಸಬೇಕಲ್ವಾ" ಅಂದರು. ಅಷ್ಟೇ. ತರಗತಿಯಲ್ಲಿ ನಾನು ಎಷ್ಟೋ ಮಕ್ಕಳಿಗೆ ಬೈದಿದ್ದೇನೆ, ಒಂದರಲ್ಲೂ ಈ ಪರಿಣಾಮ ಸಿಕ್ಕಿದ್ದು ನೆನಪಿಲ್ಲ.

ಅವತ್ತಿನಿಂದ ಹಾಲಿನ ತೊಟ್ಟೆ ಕತ್ತರಿಸುವಾಗ ಮೂಲೆಯ ಚೂರು ಬೇರೆ ಆಗದ ಹಾಗೆ ಕತ್ತರಿಸುತ್ತೇನೆ. ಆ ಚಿಕ್ಕ ಚೂರೇ ತೊಂದರೆ, ಅದು ಹಟ್ಟಿಗೆ ಹಾರಿ ದನದ ಹೊಟ್ಟೆ ಸೇರುತ್ತದೆ. ತೊಟ್ಟೆ ತೊಳೆದ ನೀರು ಬಸಳೆಯ ಬುಡಕ್ಕೆ. ಆಮೇಲೆ ಅದನ್ನು ಬಟ್ಟೆ ಹಗ್ಗಕ್ಕೆ ಕ್ಲಿಪ್ ಹಾಕಿ ನೇತಾಡಿಸುವುದು. ಮನೆಯವರು ಮೊದಮೊದಲು "ನಿನ್ನ ತೋರಣ" ಅಂತ ತಮಾಷೆ ಮಾಡುತ್ತಿದ್ದರು. ಈಗ ಮಳೆ ಹನಿ ಬಿದ್ದರೆ ಅಡಿಕೆ ಒಳಗೆ ತರಲು ಓಡುವಾಗ ಅವರೇ ಈ ತೊಟ್ಟೆಗಳನ್ನೂ ಎಳೆದು ತರುತ್ತಾರೆ.

ಸೇವೆಯ ಬಗ್ಗೆ ಹೇಳಬೇಕಲ್ಲ. ಬರುವ ಜನ ಚೆನ್ನಾಗಿದ್ದಾರೆ. ಒಬ್ಬರು ತುಳು ಮಾತಾಡುತ್ತಾರೆ, ಇನ್ನೊಬ್ಬರು ಮಲಯಾಳ, ನನ್ನ ಜೊತೆ ಇಬ್ಬರೂ ಕನ್ನಡ. ಹಣ ಕೊಟ್ಟರೆ ಕೋಡ್ ಸ್ಕ್ಯಾನ್ ಮಾಡಿ ಫೋನಿಗೆ ರಸೀದಿ ಕಳಿಸುತ್ತಾರೆ. ಕಷ್ಟ ಏನೆಂದರೆ ಕೋಡ್ ಇರುವುದು ಬಾಗಿಲಲ್ಲಿ, ರೇಂಜ್ ಇರುವುದು ಹಟ್ಟಿಯ ಹಿಂದೆ. ಬಾಗಿಲಲ್ಲಿ ಸ್ಕ್ಯಾನ್ ಮಾಡಿ, ಗೊಬ್ಬರದ ಗುಂಡಿಯ ಪಕ್ಕ ನಿಂತು ಫೋನನ್ನು ಆಕಾಶಕ್ಕೆ ಎತ್ತಿ ಹಿಡಿಯುತ್ತಾರೆ. ಇದನ್ನೆಲ್ಲ ತಿರುವನಂತಪುರದಲ್ಲಿ ಕೂತು ಮಾಡಿದವರು ನಮ್ಮ ಗುಡ್ಡ ನೋಡಿದ್ದರೆ ಒಂದು ರಸೀದಿ ಪುಸ್ತಕ ಕೊಟ್ಟು ಬಿಡುತ್ತಿದ್ದರು.

ಈಗ ಜಗಳದ ಭಾಗ. ಪಂಚಾಯತಿನ ಹೆಸರು ಬೇಡ, ನಾಳೆ ನಾನೇ ಅಲ್ಲಿಗೆ ಹೋಗಬೇಕು. ಒಂದು ಮಳೆಗಾಲ ಎರಡು ತಿಂಗಳು ಯಾರೂ ಬರಲಿಲ್ಲ. ತೊಳೆದು ಕಟ್ಟಿಟ್ಟ ಚೀಲ ಚಾವಡಿಯ ಮೂಲೆಯಲ್ಲೇ ಕೂತಿತ್ತು. ಮೂರನೆಯ ತಿಂಗಳು ಬಂದವರು 150 ಕೇಳಿದರು. ಬಾರದ ತಿಂಗಳಿಗೆ ಯಾಕೆ ಕೊಡಬೇಕು ಅಂತ ನಾನು 50 ಮಾತ್ರ ಕೊಟ್ಟೆ. ಆಮೇಲೆ ಮನೆಯ ಓನರ್‌ಶಿಪ್ ಸರ್ಟಿಫಿಕೇಟ್‌ಗೆ ಪಂಚಾಯತಿಗೆ ಹೋದಾಗ ಕೌಂಟರಿನವರು ಹರಿತ ಕರ್ಮಸೇನೆಯ ರಸೀದಿ ಕೇಳಿದರು. ಬಾಕಿ ಇಟ್ಟುಕೊಂಡರೆ ಮನೆ ತೆರಿಗೆಯ ಬಾಕಿಯ ಹಾಗೆಯೇ ದಂಡ ಸೇರಿಸಿ ವಸೂಲಿ ಮಾಡುವ ಕಾನೂನು ಬಂದಿದೆ ಅಂದರು. ಅದು ನಿಜವೇ, ಬ್ರಹ್ಮಪುರಂ ಆದ ವರ್ಷವೇ ತಿದ್ದುಪಡಿ ಆಗಿದೆ. ಅವರು ಮಲಯಾಳದಲ್ಲಿ ಹೇಳಿದರು, ನಾನು ಕನ್ನಡದಲ್ಲಿ ಕೇಳಿದೆ. ಇಬ್ಬರಿಗೂ ಪೂರ್ತಿ ಅರ್ಥವಾಯಿತು, ಇಬ್ಬರೂ ಒಪ್ಪಲಿಲ್ಲ.

ಕೊನೆಗೆ ಕೊಟ್ಟೆ. ಕೌಂಟರಿನವರ ಮಾತಿಗಲ್ಲ. ಮುಂದಿನ ಸಲ ಬಂದಾಗ ಚಿಕ್ಕವರು ನೀರು ಕುಡಿಯುತ್ತಾ ಹೇಳಿದರು: ನಾವು ಕೊಡುವ 50 ರೂಪಾಯಿಯೇ ಅವರ ಕೂಲಿ. ಸರಕಾರದ ಸಂಬಳ ಅಂತ ಏನೂ ಇಲ್ಲ. ಆ ಎರಡು ತಿಂಗಳು ಗುಡ್ಡದ ದಾರಿಯಲ್ಲಿ ಚೀಲ ಹೊತ್ತು ಇಳಿಯಲು ಆಗಲಿಲ್ಲ, ಆದರೆ ಶೆಡ್ಡಿನಲ್ಲಿ ಕೂತು ಹಿಂದಿನ ರಾಶಿ ಬಿಡಿಸುವ ಕೆಲಸ ನಿಲ್ಲಲಿಲ್ಲ. ಪ್ಲಾಸ್ಟಿಕ್‌ಗೆ ಒಂದು ರಾಶಿ, ಹಾಲಿನ ತೊಟ್ಟೆಗೆ ಒಂದು, ಚಿಪ್ಸಿನ ಹೊಳೆಯುವ ಪ್ಯಾಕೆಟಿಗೆ ಇನ್ನೊಂದು. ಈ ವಿಷಯ ಪಂಚಾಯತಿನವರು ಒಂದು ಕಾಗದದಲ್ಲಿ ಬರೆದು ಕಳಿಸಿದ್ದರೆ ನಾನು ಜಗಳವೇ ಆಡುತ್ತಿರಲಿಲ್ಲ.

ಕಾಗದ ಬರೆದಿದ್ದರಂತೆ! ಬಸ್ ನಿಲ್ದಾಣದ ಹತ್ತಿರ ಬಾಟಲಿ ಹಾಕುವ ಕಬ್ಬಿಣದ ಗೂಡು ಇದೆಯಲ್ಲ, ಅದಕ್ಕೆ ಅಂಟಿಸಿದ್ದರಂತೆ, ಮಲಯಾಳದಲ್ಲಿ ಮಾತ್ರ. ನನಗೆ ಮಲಯಾಳ ಓದಲು ಬರುತ್ತದೆ, ಅಕ್ಷರ ಅಕ್ಷರ ಕೂಡಿಸಿ. ನಮ್ಮ ಅತ್ತೆಗೆ ಬರುವುದಿಲ್ಲ, ಪಕ್ಕದ ಮನೆಯವರಿಗೂ ಬರುವುದಿಲ್ಲ. 1969ರ ಕೇರಳದ ಆಡಳಿತ ಭಾಷಾ ಕಾನೂನಿನಲ್ಲೇ ನಾವು ಇಲ್ಲಿನ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಅಂತ ಇದೆ. ಹಾಗಾಗಿ ನಾನು ಗ್ರಾಮಸಭೆಗೆ ಹೋದೆ. ಕರ್ನಾಟಕದವರಿಗೆ ಒಂದು ಮಾತು: ನಮ್ಮಲ್ಲಿ ಗ್ರಾಮಸಭೆ ಅಂದರೆ ಒಂದು ವಾರ್ಡಿನ ಮತದಾರರ ಸಭೆ, ವಾರ್ಡ್ ಮೆಂಬರೇ ಕರೆಯುವುದು. ಅಲ್ಲಿ ಅರ್ಧ ಜನ ಬೀದಿ ದೀಪ ಕೇಳುತ್ತಾರೆ, ಉಳಿದರ್ಧ ಜನ ಲೈಫ್ ಮಿಷನ್ (ಮನೆ ಇಲ್ಲದವರಿಗೆ ಸರಕಾರ ಮನೆ ಕೊಡುವ ಯೋಜನೆ) ಮನೆಯ ಪಟ್ಟಿ ಕೇಳುತ್ತಾರೆ. ನಾನು ಎದ್ದು ನಿಂತು ಕಸದ ಕ್ಯಾಲೆಂಡರ್ ಕನ್ನಡದಲ್ಲಿ ಬೇಕು ಅಂದಾಗ ಎಲ್ಲರೂ ತಿರುಗಿ ನೋಡಿದರು.

ಯಾವ ತಿಂಗಳು ಏನು ಒಯ್ಯುತ್ತಾರೆ ಅಂತ ಒಂದು ಪಟ್ಟಿ ಇರುತ್ತದೆ. ಪ್ಲಾಸ್ಟಿಕ್ ಪ್ರತಿ ತಿಂಗಳು. ಚಪ್ಪಲಿ ಮತ್ತು ಬ್ಯಾಗು, ಗಾಜು, ಹಳೆ ಬಟ್ಟೆ, ಹಾಳಾದ ಬಲ್ಬು, ಇವಕ್ಕೆಲ್ಲ ಬೇರೆ ಬೇರೆ ತಿಂಗಳು. ಇದು ಗೊತ್ತಿಲ್ಲದೆ ನಾನು ಅತ್ತೆಯ ಹರಿದ ಚಪ್ಪಲಿಯನ್ನು ಮೂರು ಸಲ ಕೊಟ್ಟು ಮೂರು ಸಲ ವಾಪಸ್ ಪಡೆದಿದ್ದೆ.

ಎರಡು ತಿಂಗಳಲ್ಲಿ ಕನ್ನಡ ಕ್ಯಾಲೆಂಡರ್ ಬಂತು! ನಿಜವಾಗಿ ಬಂತು. ಜೆರಾಕ್ಸ್ ಪ್ರತಿ, ಮನೆಗೊಂದು. ಓದಿ ನೋಡಿದರೆ ಒಂದು ತಿಂಗಳಿನ ಎದುರು "ಚಿಲ್ಲರೆ ಬಾಟಲಿ" ಅಂತ ಇತ್ತು. ಮಲಯಾಳದಲ್ಲಿ ಗಾಜಿಗೆ ಚಿಲ್ಲು ಅನ್ನುತ್ತಾರೆ, ಕನ್ನಡ ಮಾಡಿದ ಪುಣ್ಯಾತ್ಮರು ಅದನ್ನು ಚಿಲ್ಲರೆ ಮಾಡಿಬಿಟ್ಟರು. ಬಟ್ಟೆಯ ತಿಂಗಳಿನಲ್ಲಿ "ತುಣಿ" ಅಂತ ಹಾಗೇ ಬಿಟ್ಟಿದ್ದರು. ಕೆಂಪು ಪೆನ್ನಿನಲ್ಲಿ ತಿದ್ದಿ ಮೆಂಬರರ ಕೈಗೆ ಕೊಟ್ಟೆ. ಅವರು ನಕ್ಕು, "ಟೀಚರೇ, ಮುಂದಿನ ವರ್ಷ ನೀವೇ ಬರೆದು ಕೊಡಿ" ಅಂದರು. ಬಿಟ್ಟಿ ಕೆಲಸ ನನ್ನ ತಲೆಗೆ ಬಂತು ಅನ್ನುವುದು ಮನೆಗೆ ಬಂದ ಮೇಲೆ ಹೊಳೆಯಿತು.

ಅಂಕ ಕೊಡಬೇಕೆಂದರೆ, ಬರುವ ಅಕ್ಕಂದಿರಿಗೆ ಹತ್ತಕ್ಕೆ ಒಂಬತ್ತು. ಒಂದು ಯಾಕೆ ಕಳೆದೆ ಅಂದರೆ ಚೀಲ ಕಟ್ಟುವಾಗ ನನ್ನ ಕ್ಲಿಪ್ಪುಗಳೂ ಹೋಗುತ್ತವೆ. ಪಂಚಾಯತಿಗೆ ಐದು, ಅದರಲ್ಲಿ ಎರಡು ಆ ಕ್ಯಾಲೆಂಡರಿಗೆ. 50 ರೂಪಾಯಿಗೆ ಈಗ ಬದಿಯಡ್ಕದ ಹೋಟೆಲಿನಲ್ಲಿ ಇಬ್ಬರಿಗೆ ಚಾ ತಿಂಡಿ ಆಗುವುದಿಲ್ಲ. ಅದಕ್ಕೆ ಹೋಲಿಸಿದರೆ ಇದು ಅಗ್ಗ.

2025ರ ಡಿಸೆಂಬರ್ 11ಕ್ಕೆ ನಮ್ಮ ಜಿಲ್ಲೆಯಲ್ಲಿ ಪಂಚಾಯತ್ ಮತದಾನ ನಡೆಯಿತು. ಮೂರೂ ಪಕ್ಷದವರು ಮನೆಗೆ ಬಂದರು, ಮೂವರೂ ಶುಚಿತ್ವದ ಮಾತಾಡಿದರು. ಕರಪತ್ರಗಳನ್ನು ಮಾತ್ರ ನಮ್ಮ ಗೇಟಿನಲ್ಲಿ ಸಿಕ್ಕಿಸಿ ಹೋದರು. ಅವನ್ನೆಲ್ಲ ಒಣಗಿಸಿ ಆ ತಿಂಗಳಿನ ಚೀಲಕ್ಕೆ ಹಾಕಿದೆ.

ಒಂದು ವಿಷಯ ಮಾತ್ರ ಬಗೆಹರಿಯಲಿಲ್ಲ. ಕಂಗಿಗೆ ಮದ್ದು ಬಿಡಲು ತರುವ ಮೈಲುತುತ್ತಿನ ಖಾಲಿ ಚೀಲ, ತರಕಾರಿಗೆ ಹೊಡೆದ ಕೀಟನಾಶಕದ ಎರಡು ಬಾಟಲಿ ನಮ್ಮ ಅಟ್ಟದಲ್ಲಿವೆ. ಅವನ್ನು ಚೀಲಕ್ಕೆ ಹಾಕಲು ಅಕ್ಕಂದಿರು ಒಪ್ಪುವುದಿಲ್ಲ. ತೊಳೆದರೂ ಬೇಡ ಅನ್ನುತ್ತಾರೆ, ಸರಿಯೇ, ಕೈಯಲ್ಲಿ ಬಿಡಿಸುವವರು ಅವರು. ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ ಜನ ನಾವು, ಅದನ್ನು ತೋಟದಲ್ಲಿ ಹೂಳಲು ನನಗೂ ಧೈರ್ಯವಿಲ್ಲ. ಕಳೆದ ತಿಂಗಳು ಮತ್ತೆ ಕೇಳಿದೆ. "ಮೇಲಿನಿಂದ ಏನೂ ಹೇಳಿಲ್ಲ ಟೀಚರೇ" ಅಂದರು ದೊಡ್ಡವರು. ಮುಂದಿನ ಗ್ರಾಮಸಭೆಗೆ ಅರ್ಜಿ ಬರೆದಿಟ್ಟಿದ್ದೇನೆ, ಕನ್ನಡದಲ್ಲೇ. ಬಾಟಲಿಗೆ ಮಲಯಾಳದಲ್ಲಿ ಕುಪ್ಪಿ ಅನ್ನುತ್ತಾರೆ ಅಂತ ಅಡಿಯಲ್ಲಿ ಸೇರಿಸಿದ್ದೇನೆ.